ಎಂಟು ಸೈಟಿಗೆ ಒಂದೇ ಎತ್ತರ: 30 ಮೀಟರಿನ ನಕ್ಷೆಯನ್ನು ಡೀಪ್ ಲರ್ನಿಂಗ್‌ನಿಂದ 10 ಮೀಟರಿಗೆ ಇಳಿಸುವ ಬಗೆ

ನನ್ನದು ಮಳೆನೀರಿನ ಕೆಲಸ. ಜಯನಗರದ ಒಂದು ಸಣ್ಣ ಆಫೀಸಿನಲ್ಲಿ ಕೂತು, ಯಾವ ಬಡಾವಣೆಯ ನೀರು ಯಾವ ರಾಜಕಾಲುವೆಗೆ ಇಳಿಯುತ್ತದೆ ಅಂತ ಲೆಕ್ಕ ಹಾಕುತ್ತೇನೆ. ಅದಕ್ಕೆ ಮೊದಲು ಬೇಕಾಗುವುದು ನೆಲದ ಎತ್ತರ. ಬೆಂಗಳೂರಿಗೆ ಪುಕ್ಕಟೆ ಸಿಗುವ ಒಳ್ಳೆಯ ಎತ್ತರದ ನಕ್ಷೆಗಳು 30 ಮೀಟರಿನವು. ಅಂದರೆ 30 ಮೀಟರ್ ಉದ್ದ, 30 ಮೀಟರ್ ಅಗಲದ ಚೌಕಕ್ಕೆ ಒಂದೇ ಸಂಖ್ಯೆ. ನಮ್ಮೂರ ಲೆಕ್ಕದಲ್ಲಿ ಎಂಟು ಥರ್ಟಿ-ಫಾರ್ಟಿ ಸೈಟುಗಳಿಗೆ ಸೇರಿ ಒಂದು ಎತ್ತರ. ಅದೇ 10 ಮೀಟರ್ ಆದರೆ ಹೆಚ್ಚುಕಮ್ಮಿ ಸೈಟಿಗೊಂದು ಎತ್ತರ ಸಿಗುತ್ತದೆ. ನೀರು ರಸ್ತೆಯ ಈ ಕಡೆ ಇಳಿಯುತ್ತದಾ ಆ ಕಡೆ ಇಳಿಯುತ್ತದಾ ಅಂತ ಕೇಳುವುದಕ್ಕಾದರೂ ಅಷ್ಟು ಬೇಕು.

ಈ 30ನ್ನು 10 ಮಾಡಲು ಡೀಪ್ ಲರ್ನಿಂಗ್ ಬಳಸಬಹುದು. ಫೋಟೊವನ್ನು ದೊಡ್ಡದು ಮಾಡಿ ಚುರುಕುಗೊಳಿಸುವ ಸೂಪರ್ ರೆಸಲ್ಯೂಶನ್ ವಿದ್ಯೆಯೇ ಇದು. ಆದರೆ ಫೋಟೊದಲ್ಲಿ ಮೂಗು ಒಂಚೂರು ಆಚೀಚೆ ಆದರೆ ಯಾರಿಗೂ ನಷ್ಟವಿಲ್ಲ. ಎತ್ತರದ ನಕ್ಷೆಯಲ್ಲಿ ಒಂದು ದಿಬ್ಬ ಆಚೀಚೆ ಆದರೆ ನೀರು ಬೇರೆ ಕಣಿವೆಗೆ ಹೋಗುತ್ತದೆ. ಮಾಡೆಲ್ ನೆಲವನ್ನು ಅಳೆಯುವುದಿಲ್ಲ, ಅಂದಾಜು ಮಾಡುತ್ತದೆ. ಆ ಅಂದಾಜು ಸರಿಯಾಗಿದೆಯಾ ಅಂತ ನೀರಿನ ದಾರಿಯನ್ನು ನೋಡಿ ತೀರ್ಮಾನಿಸಬೇಕು. ನಕ್ಷೆಯ ಅಂದ ನೋಡಿ ತೀರ್ಮಾನಿಸಬಾರದು. ಕೆಳಗಿನ ಕ್ರಮವನ್ನೆಲ್ಲ ನಾನು ಕಟ್ಟಿಕೊಂಡಿರುವುದು ಇದೊಂದೇ ಕಾರಣಕ್ಕೆ.

ಪೈಥಾನ್ ಸ್ವಲ್ಪ ಗೊತ್ತಿರಬೇಕು. ನಕ್ಷೆ ತೆರೆಯುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಎರಡು ಪದರ ಜೋಡಿಸಲು ಬರಬೇಕು. ದೊಡ್ಡ ಕಂಪ್ಯೂಟರ್ ಬೇಕಾಗಿಲ್ಲ, ಗೂಗಲ್ ಕೊಲ್ಯಾಬ್‌ನಲ್ಲಿ ಸಿಗುವ 16 ಜಿಬಿಯ ಟಿ4 ಗ್ರಾಫಿಕ್ಸ್ ಕಾರ್ಡ್ ಸಾಕು.

ಮೊದಲು ಯಾವ ಡೆಮ್

ಎತ್ತರದ ನಕ್ಷೆಗೆ ನಾವು ಕೆಲಸದಲ್ಲಿ ಡೆಮ್ ಅಂತೀವಿ. ಆಯ್ಕೆಗಳು ನಾಲ್ಕೈದಿವೆ. ಎಲ್ಲರಿಗೂ ಗೊತ್ತಿರುವುದು ಎಸ್‌ಆರ್‌ಟಿಎಂ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 60 ಮೀಟರಿನ ಕಂಬ ಚಾಚಿಕೊಂಡು 11 ದಿನ ಭೂಮಿಯನ್ನು ಸುತ್ತಿ ರೇಡಾರ್‌ನಲ್ಲಿ ಅಳೆದದ್ದು. ನಮ್ಮ ಇಸ್ರೋದ ಕಾರ್ಟೊಡೆಮ್ ಇದೆ. 2005ರ ಮೇ 5ರಂದು ಹಾರಿದ ಕಾರ್ಟೊಸ್ಯಾಟ್-1ರ ಎರಡು ಕ್ಯಾಮೆರಾಗಳ ಜೋಡಿ ಚಿತ್ರಗಳಿಂದ ಮಾಡಿದ್ದು, ಭುವನ್ ತಾಣದಲ್ಲಿ ಸಿಗುತ್ತದೆ. ಜಪಾನಿನ ಅಲೋಸ್ ಇದೆ. ಕೊನೆಗೆ ಯುರೋಪಿನ ಕೋಪರ್ನಿಕಸ್ ಡೆಮ್, 2011ರಿಂದ 2015ರವರೆಗೆ ಟ್ಯಾಂಡೆಮ್-ಎಕ್ಸ್ ರೇಡಾರ್ ಉಪಗ್ರಹಗಳ ಜೋಡಿ ಅಳೆದದ್ದು.

ನನ್ನ ಆಯ್ಕೆ ಕೋಪರ್ನಿಕಸ್. ಕಾರಣ ಸರಳ. ಎಸ್‌ಆರ್‌ಟಿಎಂ ಎತ್ತರ ಪೂರ್ಣಾಂಕದಲ್ಲಿದೆ: 918, 919, 920. ಹಿಮಾಲಯದಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಜಯನಗರದಂಥ ಸಪಾಟು ಜಾಗದಲ್ಲಿ ಇಳಿಜಾರು ಲೆಕ್ಕ ಹಾಕಿದರೆ ಊರೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕೋಪರ್ನಿಕಸ್‌ನಲ್ಲಿ ದಶಮಾಂಶ ಇದೆ, ಗದ್ದಲವೂ (ಅಳತೆಯಲ್ಲಿ ನುಸುಳುವ ಸಣ್ಣಪುಟ್ಟ ತಪ್ಪು) ಕಡಿಮೆ. ಹಾಗಂತ ಎಸ್‌ಆರ್‌ಟಿಎಂ ಬಿಸಾಡಬೇಡಿ. ಹೊರ ವರ್ತುಲ ರಸ್ತೆಯ ಟೆಕ್ ಪಾರ್ಕ್‌ಗಳು ಏಳುವ ಮೊದಲಿನ ನೆಲ ಅದರಲ್ಲಿದೆ. ಮಣ್ಣು ತುಂಬಿ ಎತ್ತರಿಸಿದ ಜಾಗ ಹುಡುಕುವಾಗ ಕೆಲಸಕ್ಕೆ ಬರುತ್ತದೆ.

ಇಳಿಸಿಕೊಳ್ಳುವಾಗ ಬೆಂಗಳೂರಿಗೇ ಅಂಟಿದ ಒಂದು ಕಿರಿಕಿರಿ ಇದೆ. ಡೆಮ್‌ಗಳು ಒಂದು ಡಿಗ್ರಿಗೆ ಒಂದು ಹಾಳೆಯಂತೆ ಸಿಗುತ್ತವೆ. 13 ಡಿಗ್ರಿ ಅಕ್ಷಾಂಶ ಸರಿಯಾಗಿ ಮಲ್ಲೇಶ್ವರದ ಹತ್ತಿರ ಹಾದುಹೋಗುತ್ತದೆ. ಹಾಗಾಗಿ ಬಸವನಗುಡಿ, ಕೋರಮಂಗಲ ಒಂದು ಹಾಳೆಯಲ್ಲಿ. ಹೆಬ್ಬಾಳ, ಯಲಹಂಕ ಇನ್ನೊಂದರಲ್ಲಿ. ಎರಡನ್ನೂ ಇಳಿಸಿ ಮೊದಲು ಜೋಡಿಸಿ, ಆಮೇಲೆ ಮುಂದಿನ ಕೆಲಸ. ಜಿಡಾಲ್ ಅನ್ನುವ ಸಾಫ್ಟ್‌ವೇರ್‌ನ ಬಿಲ್ಡ್-ವಿಆರ್‌ಟಿ ಆಜ್ಞೆ ಇದನ್ನು ಕ್ಷಣದಲ್ಲಿ ಮಾಡುತ್ತದೆ. ಪ್ರೊಜೆಕ್ಷನ್, ಅಂದರೆ ಡಿಗ್ರಿಗಳನ್ನು ಮೀಟರಿಗೆ ತರುವ ಲೆಕ್ಕ, ಯುಟಿಎಂ 43 ಉತ್ತರ. ಕೋಲಾರದ ಕಡೆಗೂ ನಕ್ಷೆ ಚಾಚುವ ಆಸೆ ಇದ್ದರೆ ಹುಷಾರು. 78 ಡಿಗ್ರಿ ರೇಖಾಂಶ ದಾಟಿದ ಮೇಲೆ 44ನೇ ವಲಯ ಶುರು.

86 ಮೀಟರ್ ಎಲ್ಲಿ ಹೋಯಿತು

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊಸಬರು ಬಂದು ಕೇಳುವ ಮೊದಲ ಪ್ರಶ್ನೆಯೇ ಇದು: "ಒಂದು ನಕ್ಷೆಯಲ್ಲಿ 920 ಇದೆ, ಇನ್ನೊಂದರಲ್ಲಿ 834 ಇದೆ, ಯಾವುದು ಸರಿ?"

ಎರಡೂ ಸರಿ. ಎತ್ತರವನ್ನು ಎರಡು ತಳದಿಂದ ಅಳೆಯಬಹುದು. ಒಂದು ಜಿಯಾಯ್ಡ್, ಅಂದರೆ ಸರಾಸರಿ ಸಮುದ್ರ ಮಟ್ಟವನ್ನು ನೆಲದ ಕೆಳಗೂ ಎಳೆದಂತೆ ಇರುವ ಮೇಲ್ಮೈ. ಇನ್ನೊಂದು ಎಲಿಪ್ಸಾಯ್ಡ್, ಅಂದರೆ ಗಣಿತಕ್ಕೆ ಸುಲಭವಾಗಲಿ ಅಂತ ಭೂಮಿಗೆ ಕೊಟ್ಟ ನಯವಾದ ಆಕಾರ. ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ, ಜಿಯಾಯ್ಡ್ ಜಗತ್ತಿನಲ್ಲೇ ಅತಿ ಹೆಚ್ಚು ಕೆಳಗಿಳಿದಿದೆ, ನೂರು ಮೀಟರಿಗಿಂತ ಜಾಸ್ತಿ. ಆ ತಗ್ಗಿನ ಅಂಚಿನಲ್ಲಿ ನಾವಿದ್ದೇವೆ. ಬೆಂಗಳೂರಿನಲ್ಲಿ ಜಿಯಾಯ್ಡ್ ಎಲಿಪ್ಸಾಯ್ಡ್‌ಗಿಂತ ಸುಮಾರು 86 ಮೀಟರ್ ಕೆಳಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅಂತರರಾಷ್ಟ್ರೀಯ ಜಾಲಕ್ಕೆ ಸೇರಿದ ಜಿಪಿಎಸ್ ಸ್ಟೇಷನ್ ಇದೆ. ಅದರ ಎಲಿಪ್ಸಾಯ್ಡ್ ಎತ್ತರ 844 ಮೀಟರಿನ ಆಸುಪಾಸು. ಅದೇ ಜಾಗ ಸಮುದ್ರ ಮಟ್ಟದಿಂದ ಸುಮಾರು 930 ಮೀಟರ್.

ಎಸ್‌ಆರ್‌ಟಿಎಂ, ಕೋಪರ್ನಿಕಸ್ ಎರಡೂ ಜಿಯಾಯ್ಡ್‌ನಿಂದ ಅಳೆಯುತ್ತವೆ, ಮೊದಲನೆಯದು ಇಜಿಎಂ96ರಿಂದ, ಎರಡನೆಯದು ಇಜಿಎಂ2008ರಿಂದ. ಕಾರ್ಟೊಡೆಮ್ ಮತ್ತು ಆಮೇಲೆ ಹೇಳುವ ಐಸ್‌ಸ್ಯಾಟ್-2 ಎಲಿಪ್ಸಾಯ್ಡ್‌ನಿಂದ. ಬೆರೆಸುವ ಮುಂಚೆ ಒಂದೇ ತಳಕ್ಕೆ ತನ್ನಿ. ಯಾವ ಮಾಡೆಲ್ ಕೂಡ ಇದನ್ನು ನಿಮಗಾಗಿ ಸರಿಮಾಡಿ ಕೊಡುವುದಿಲ್ಲ.

ಉಪಗ್ರಹದ ಚಿತ್ರ ಯಾಕೆ ಬೇಕು

30 ಮೀಟರಿನ ಡೆಮ್‌ನಲ್ಲಿ ಇಲ್ಲದ ಮಾಹಿತಿಯನ್ನು ಮಾಡೆಲ್ ಎಲ್ಲಿಂದಲೋ ತರಬೇಕು, ಅಲ್ವಾ? ಒಂದಷ್ಟು ಅನುಭವದಿಂದ ಬರುತ್ತದೆ: ಕಣಿವೆ ಅಂದರೆ ಹೀಗಿರುತ್ತದೆ, ಬಂಡೆ ಅಂದರೆ ಹೀಗೆ ಏಳುತ್ತದೆ ಅಂತ. ಉಳಿದದ್ದು ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಿಂದ. ನೀಲಿ, ಹಸಿರು, ಕೆಂಪು ಮತ್ತು ಹತ್ತಿರದ ಅವಕೆಂಪು, ಈ ನಾಲ್ಕು ಪಟ್ಟಿಗಳು 10 ಮೀಟರಿನಲ್ಲೇ ಸಿಗುತ್ತವೆ. ಕೆರೆಯ ಅಂಚು, ರಾಜಕಾಲುವೆಯ ಗುಂಟ ಬೆಳೆದ ಹಸಿರಿನ ಗೆರೆ, ಬೋಳು ಬಂಡೆ, ಇವೆಲ್ಲ ಅದರಲ್ಲಿ ಸ್ಪಷ್ಟ. ಸಾವನದುರ್ಗ, ರಾಮನಗರದ ಕಡೆ ಗುಡ್ಡದ ನೆರಳೂ ಸುಳಿವು ಕೊಡುತ್ತದೆ. ಊರೊಳಗೆ ನೆಲದ ನೆರಳು ಅಂತ ಏನೂ ಇರುವುದಿಲ್ಲ. ಅಲ್ಲಿ ಕಾಣುವುದೆಲ್ಲ ಕಟ್ಟಡದ ನೆರಳು.

ಡಿಸೆಂಬರ್‌ನಿಂದ ಫೆಬ್ರವರಿಯ ಒಳಗಿನ ಚಿತ್ರ ಆರಿಸಿ. ಮೋಡ ಕಡಿಮೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಸೂರ್ಯ. ಈ ಉಪಗ್ರಹ ನಮ್ಮ ಮೇಲೆ ಹಾದುಹೋಗುವುದು ಬೆಳಿಗ್ಗೆ ಹನ್ನೊಂದರ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಗೇ ಬರುತ್ತಾನೆ. ಆಗ ಹನ್ನೊಂದು ಗಂಟೆಗೂ ನೆರಳು ಚಿಕ್ಕದು. ಡಿಸೆಂಬರ್‌ನಲ್ಲಿ ಸೂರ್ಯ ಆಗ್ನೇಯದಲ್ಲಿ, 48 ಡಿಗ್ರಿ ಎತ್ತರದ ಸುಮಾರಿನಲ್ಲಿರುತ್ತಾನೆ. ಗುಡ್ಡದ ಒಂದು ಮಗ್ಗುಲು ಬೆಳಕು, ಇನ್ನೊಂದು ಕಪ್ಪು. ಮಾಡೆಲ್‌ಗೆ ಇದು ಬೇಕು.

ಇನ್ನೊಂದು ಸಣ್ಣ ವಿಷಯ. 2022ರ ಜನವರಿ ಕೊನೆಯಿಂದ ಸೆಂಟಿನೆಲ್-2ರ ಸಂಖ್ಯೆಗಳಿಗೆ 1000 ಸೇರಿಸಿ ಕೊಡುತ್ತಾರೆ. ಹಳೆಯ ಚಿತ್ರದಲ್ಲಿ ತರಬೇತಿ ಕೊಟ್ಟು ಹೊಸ ಚಿತ್ರದ ಮೇಲೆ ಓಡಿಸುವವರು ಆ 1000ವನ್ನು ಕಳೆಯಬೇಕು. ಇಲ್ಲದಿದ್ದರೆ ಊರಿಡೀ ಮಂಜು ಕವಿದಂತೆ ಮಾಡೆಲ್‌ಗೆ ಕಾಣುತ್ತದೆ.

ಪಾಠ ಎಲ್ಲಿಂದ ತರುವುದು

ಮಾಡೆಲ್‌ಗೆ ಪಾಠ ಹೇಳಲು ಪ್ರಶ್ನೆ ಮತ್ತು ಉತ್ತರದ ಜೋಡಿ ಬೇಕು: 30 ಮೀಟರಿನ ಡೆಮ್ ಪ್ರಶ್ನೆ, ಅದೇ ಜಾಗದ ನಿಜವಾದ 10 ಮೀಟರಿನ ಎತ್ತರ ಉತ್ತರ. ಉತ್ತರಕ್ಕೆ ವಿಮಾನದಿಂದ ಲೇಸರ್ ಬಿಟ್ಟು ಅಳೆದ ಲೈಡಾರ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಬೆಂಗಳೂರಿಗೆ ಯಾರು ಬೇಕಾದರೂ ಇಳಿಸಿಕೊಳ್ಳುವಂಥ ಲೈಡಾರ್ ಇಲ್ಲ. ಬೇರೆ ದೇಶದಿಂದ ಸಾಲ ತರಬೇಕು.

ಜನ ಸಾಮಾನ್ಯವಾಗಿ ಆಲ್ಪ್ಸ್ ಪರ್ವತಗಳನ್ನು ಹಿಡಿಯುತ್ತಾರೆ. ಡೇಟಾ ಚೆನ್ನಾಗಿದೆ, ಚಿತ್ರ ಅದ್ಭುತವಾಗಿ ಬರುತ್ತದೆ. ನನಗೆ ಇದು ಹಿಡಿಸುವುದಿಲ್ಲ. ಹಿಮನದಿ ಕೊರೆದ ಕಣಿವೆ ನೋಡಿ ಕಲಿತ ಮಾಡೆಲ್, ನಮ್ಮ ನೈಸ್ ಕಲ್ಲಿನ ಪ್ರಸ್ಥಭೂಮಿಗೆ ಬಂದು ಚೂಪು ಏಣುಗಳನ್ನು ಹುಡುಕುತ್ತದೆ. ನಮ್ಮ ನೆಲಕ್ಕೆ ಹತ್ತಿರದ ನೆಲ ಬೇಕು. ಅಮೆರಿಕದ ಭೂಸರ್ವೆಯವರು 1 ಮೀಟರಿನ ಲೈಡಾರ್ ಡೆಮ್‌ಗಳನ್ನು ಪುಕ್ಕಟೆ ಕೊಡುತ್ತಾರೆ. ಅದರಲ್ಲಿ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಸುತ್ತಲಿನ ನೆಲ ತಗೊಳ್ಳಿ. ಹಳೆಯ ನೈಸ್, ಅಲೆಅಲೆಯಾದ ದಿಣ್ಣೆ, ನಡುವೆ ಸ್ಟೋನ್ ಮೌಂಟನ್ ಅನ್ನುವ ಬೋಳು ಬಂಡೆಗುಡ್ಡ. ಟೆಕ್ಸಾಸ್‌ನ ಎನ್‌ಚಾಂಟೆಡ್ ರಾಕ್ ಸುತ್ತಲೂ ಗ್ರಾನೈಟ್ ಇದೆ. ಸಾವನದುರ್ಗ ನೋಡಿದವರಿಗೆ ಆ ಜಾಗದ ನಕ್ಷೆ ನೋಡಿದರೆ ಪರಿಚಯದ ಮುಖ ಕಂಡಂತಾಗುತ್ತದೆ.

ಊರಿನ ಭಾಗಕ್ಕೆ ಇಂಗ್ಲೆಂಡ್. ಅಲ್ಲಿನ ಪರಿಸರ ಇಲಾಖೆ 1 ಮೀಟರಿನ ಲೈಡಾರ್ ಅನ್ನು ಎರಡು ರೂಪದಲ್ಲಿ ಕೊಡುತ್ತದೆ: ಮರ-ಕಟ್ಟಡ ಸೇರಿದ ಮೇಲ್ಮೈ ಒಂದು, ಅವೆಲ್ಲ ತೆಗೆದ ಬರಿ ನೆಲ ಇನ್ನೊಂದು. ಸಾಲುಮನೆಗಳು ಒತ್ತಾಗಿರುವ ಊರುಗಳು ನಮಗೆ ಹತ್ತಿರ. ಒಂದೇ ಎಚ್ಚರಿಕೆ: 50 ಡಿಗ್ರಿ ಅಕ್ಷಾಂಶ ದಾಟಿದ ಮೇಲೆ ಕೋಪರ್ನಿಕಸ್ ಹಾಳೆಯ ಅಗಲ 3600 ಪಿಕ್ಸೆಲ್ ಬದಲು 2400 ಇರುತ್ತದೆ. ಮರುಹೊಂದಿಸಿಯೇ ಬಳಸಿ.

ಈ ಎರಡು ರೂಪಗಳ ವಿಷಯ ಮುಖ್ಯ. ಕೋಪರ್ನಿಕಸ್ ಅಳೆದಿರುವುದು ಮೇಲ್ಮೈಯನ್ನು, ನೆಲವನ್ನಲ್ಲ. ಕಬ್ಬನ್ ಪಾರ್ಕ್ ಅದರಲ್ಲಿ ಇರುವುದಕ್ಕಿಂತ ಎತ್ತರ, ಯಾಕೆಂದರೆ ರೇಡಾರ್ ಮರದ ತಲೆಯ ಮೇಲೆ ತಾಗಿ ವಾಪಸ್ ಬಂದಿದೆ. ಬರಿ ನೆಲದ ಲೈಡಾರ್ ಅನ್ನು ಉತ್ತರವಾಗಿ ಕೊಟ್ಟರೆ ಮಾಡೆಲ್ ಒಟ್ಟಿಗೆ ಎರಡು ಕೆಲಸ ಕಲಿಯಬೇಕು: ಚುರುಕುಗೊಳಿಸುವುದು, ಮರ-ಮನೆ ಕೀಳುವುದು. ಜಾರ್ಜಿಯಾದ ಪೈನ್ ಕಾಡು ಕೀಳಲು ಕಲಿತದ್ದು ಚಿಕ್ಕಪೇಟೆಯ ಮಹಡಿಗಳ ಮುಂದೆ ನಡೆಯುವುದಿಲ್ಲ. ನಾನು ಎರಡನ್ನೂ ಬೇರೆ ಬೇರೆ ಮಾಡುತ್ತೇನೆ. ಮೊದಲು ಮೇಲ್ಮೈಯಿಂದ ಮೇಲ್ಮೈಗೆ ಚುರುಕು, ಆಮೇಲೆ ಮರ-ಕಟ್ಟಡದ ಕೆಲಸ. ಅಮೆರಿಕದ 1 ಮೀಟರಿನ ಡೆಮ್ ಬರಿ ನೆಲದ್ದು, ಹಾಗಾಗಿ ಅಲ್ಲಿನ ಮೇಲ್ಮೈಯನ್ನು ಅವರ ಲೈಡಾರ್ ಬಿಂದುಗಳಿಂದ ಮಾಡಿಕೊಳ್ಳಬೇಕು. ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಕೋಪರ್ನಿಕಸ್‌ನಿಂದ ಮರ-ಕಟ್ಟಡ ತೆಗೆದ ಫ್ಯಾಬ್‌ಡೆಮ್ ಮಾಡಿದ್ದಾರೆ. ಕಲಿಯುವವರಿಗೆ ಅದರಿಂದ ಶುರು ಮಾಡುವುದು ಸುಲಭ. ಅದರ ಪರವಾನಗಿ ವ್ಯಾಪಾರದ ಬಳಕೆಗೆ ಇಲ್ಲ, ಹಾಗಾಗಿ ಆಫೀಸಿನ ಕೆಲಸಕ್ಕೆ ನಾನು ಮುಟ್ಟುವುದಿಲ್ಲ.

ಜೋಡಿ ತಯಾರಿಸುವಾಗ ಬಹಳ ಜನ ಹಿಡಿಯುವ ಅಡ್ಡದಾರಿ ಒಂದಿದೆ. ಲೈಡಾರ್ ಅನ್ನೇ ಸರಾಸರಿ ತೆಗೆದು 30 ಮೀಟರ್ ಮಾಡಿ ಪ್ರಶ್ನೆಯಾಗಿ ಕೊಡುವುದು. ತರಬೇತಿಯಲ್ಲಿ ಅಂಕ ಭರ್ಜರಿ ಬರುತ್ತದೆ. ಆದರೆ ಅಂಥ ಪ್ರಶ್ನೆಯಲ್ಲಿ ರೇಡಾರ್‌ನ ಗದ್ದಲ ಇರುವುದಿಲ್ಲ. ನಿಜವಾದ ಕೋಪರ್ನಿಕಸ್ ಕೊಟ್ಟಾಗ ಮಾಡೆಲ್ ಆ ಗದ್ದಲವನ್ನೂ ನೆಲ ಅಂತ ನಂಬಿ ಚುರುಕುಗೊಳಿಸುತ್ತದೆ. ಪ್ರಶ್ನೆ ನಿಜವಾದ ಕೋಪರ್ನಿಕಸ್‌ನಿಂದಲೇ ಬರಲಿ, ಉತ್ತರ 1 ಮೀಟರ್ ಲೈಡಾರ್ ಅನ್ನು 10 ಮೀಟರಿಗೆ ಸರಾಸರಿ ಮಾಡಿದ್ದಾಗಿರಲಿ.

ಎರಡೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಅರ್ಧ ಪಿಕ್ಸೆಲ್ ಸರಿದಿದ್ದರೂ ಮಾಡೆಲ್ ಆ ಸರಿತವನ್ನೇ ಕಲಿಯುತ್ತದೆ. ನೂತ್ ಮತ್ತು ಕ್ಯಾಬ್ 2011ರಲ್ಲಿ ವಿವರಿಸಿದ ಕ್ರಮ ಇದಕ್ಕೆ ಇದೆ. ಎರಡು ಡೆಮ್‌ಗಳ ವ್ಯತ್ಯಾಸವನ್ನು ಇಳಿಜಾರಿನ ದಿಕ್ಕಿನ ಜೊತೆ ಹೋಲಿಸಿ ಎಷ್ಟು ಸರಿದಿದೆ ಅಂತ ಹೇಳುತ್ತದೆ. ಎಕ್ಸ್‌ಡೆಮ್ ಅನ್ನುವ ಪೈಥಾನ್ ಕಟ್ಟಿನಲ್ಲಿ ಸಿದ್ಧವಾಗಿದೆ. ಇನ್ನು ಗ್ರಿಡ್: 30 ಮೀಟರಿನ ಪ್ರತಿ ಚೌಕದೊಳಗೆ ಸೆಂಟಿನೆಲ್‌ನ ಒಂಬತ್ತು ಚೌಕ ಅಂಚಿಗೆ ಅಂಚು ಸೇರಿ ಕೂರುವಂತೆ ಮರುಹೊಂದಿಸಿ. ಮರುಹೊಂದಿಸುವಾಗ ಹತ್ತಿರದ ಚೌಕದ ಸಂಖ್ಯೆಯನ್ನೇ ನಕಲು ಮಾಡುವ ನಿಯರೆಸ್ಟ್ ಬೇಡ, ಸುತ್ತಲಿನ ಸಂಖ್ಯೆಗಳನ್ನು ಬೆರೆಸುವ ಬೈಲಿನಿಯರ್ ಅಥವಾ ಕ್ಯೂಬಿಕ್ ಕೊಡಿ.

ಸೂರ್ಯನನ್ನೂ ಹೊಂದಿಸಬೇಕು, ಇದನ್ನು ಯಾರೂ ಹೇಳುವುದಿಲ್ಲ. ಬೆಂಗಳೂರಿನ ಡಿಸೆಂಬರ್ ಚಿತ್ರಕ್ಕೆ ಜೊತೆಯಾಗಿ ಅಟ್ಲಾಂಟಾದ ಡಿಸೆಂಬರ್ ಚಿತ್ರ ಕೊಟ್ಟರೆ ಅಲ್ಲಿ ಸೂರ್ಯ 30 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತಾನೆ, ನೆರಳು ಉದ್ದುದ್ದ. ಅಟ್ಲಾಂಟಾಕ್ಕೆ ಮಾರ್ಚ್ ನಡುವಿನ ಚಿತ್ರ, ಇಂಗ್ಲೆಂಡಿಗೆ ಏಪ್ರಿಲ್ ಕೊನೆಯ ಚಿತ್ರ ತಗೊಂಡರೆ ಮೂರೂ ಕಡೆ ಸೂರ್ಯ 45ರಿಂದ 50 ಡಿಗ್ರಿ ಒಳಗೆ ಬರುತ್ತಾನೆ. ಪ್ರತಿ ಚಿತ್ರದ ಮೆಟಾಡೇಟಾದಲ್ಲಿ ಈ ಕೋನ ಬರೆದಿರುತ್ತದೆ, ನೋಡಿ ಆರಿಸಿ.

ಎತ್ತರವನ್ನು ಮಾಡೆಲ್‌ಗೆ ಹೇಗೆ ಉಣಿಸುವುದು

ಬೆಂಗಳೂರು ಹೆಚ್ಚುಕಮ್ಮಿ 800ರಿಂದ 960 ಮೀಟರಿನ ನಡುವೆ ಇದೆ. ಊರಿನ ಅತಿ ಎತ್ತರದ ಜಾಗ ವಿದ್ಯಾರಣ್ಯಪುರದ ಹತ್ತಿರದ ದೊಡ್ಡಬೆಟ್ಟಹಳ್ಳಿ, 962 ಮೀಟರ್. ನಮಗೆ ಬೇಕಾದ ವ್ಯತ್ಯಾಸ ಮಾತ್ರ ಒಂದೆರಡು ಮೀಟರಿನದು. 920 ಅನ್ನುವ ಸಂಖ್ಯೆಯನ್ನು ಹಾಗೇ ಕೊಟ್ಟು ಅರ್ಧ ಮೀಟರಿನ ತಗ್ಗು ಹುಡುಕು ಅನ್ನುವುದು, ಲಾರಿ ತೂಗುವ ಕಾಟಾದಲ್ಲಿ ಏಲಕ್ಕಿ ತೂಗಿದ ಹಾಗೆ.

ಅದಕ್ಕೇ ಪ್ರತಿ ತುಂಡಿನಿಂದ ಅದರ ಸರಾಸರಿ ಎತ್ತರ ಕಳೆಯಿರಿ. 64ಕ್ಕೆ 64 ಪಿಕ್ಸೆಲ್ಲಿನ ತುಂಡು ಅಂದರೆ ನೆಲದ ಮೇಲೆ ಸುಮಾರು ಎರಡು ಕಿಲೋಮೀಟರ್. ಸರಾಸರಿ ಕಳೆದ ಮೇಲೆ ಉಳಿಯುವುದು ಆ ತುಂಡಿನೊಳಗಿನ ಏರಿಳಿತ ಮಾತ್ರ. ಅಮೆರಿಕದ ತಳ, ಇಂಗ್ಲೆಂಡಿನ ತಳ, ನಮ್ಮ ತಳ ಅನ್ನುವ ಗಲಾಟೆಯೂ ಇದರಲ್ಲೇ ಮುಗಿಯುತ್ತದೆ. ಉತ್ತರ ಬಂದ ಮೇಲೆ ಸರಾಸರಿ ವಾಪಸ್ ಸೇರಿಸಿದರಾಯಿತು.

ಕಳೆದ ಮೇಲೆ ಒಂದು ಸ್ಥಿರ ಸಂಖ್ಯೆಯಿಂದ ಭಾಗಿಸಿ. ನಾನು 50 ಇಟ್ಟುಕೊಂಡಿದ್ದೇನೆ. ಪ್ರತಿ ತುಂಡನ್ನು ಅದರದ್ದೇ ಗರಿಷ್ಠ-ಕನಿಷ್ಠದಿಂದ ಹಿಗ್ಗಿಸಬೇಡಿ. ಹಾಗೆ ಮಾಡಿದರೆ ಎಚ್‌ಎಸ್‌ಆರ್ ಬಡಾವಣೆಯ ಸಪಾಟು ತುಂಡೂ ನಂದಿಬೆಟ್ಟದ ತುಂಡೂ ಮಾಡೆಲ್‌ಗೆ ಒಂದೇ ಎತ್ತರ ಕಾಣುತ್ತವೆ, ಸಪಾಟು ಜಾಗದ ಗದ್ದಲ ಬೆಟ್ಟದಷ್ಟಾಗುತ್ತದೆ. 8 ಬಿಟ್ ಚಿತ್ರವಾಗಿ ಉಳಿಸುವುದಂತೂ ಬೇಡವೇ ಬೇಡ. 256 ಮೆಟ್ಟಿಲಿಗೆ ಇಳಿಸಿದ ಮೇಲೆ ಚುರುಕುಗೊಳಿಸಲು ಏನು ಉಳಿದಿರುತ್ತದೆ?

ಮಾಡೆಲ್

ಇಲ್ಲಿ ಹೊಸ ಹೆಸರುಗಳ ಹಿಂದೆ ಓಡಬೇಡಿ. 2017ರ ಇಡಿಎಸ್‌ಆರ್ ರೀತಿಯ ಸಾದಾ ರೆಸಿಡ್ಯುಯಲ್ ನೆಟ್‌ವರ್ಕ್ ಸಾಕು: 16 ಬ್ಲಾಕ್, 64 ಚಾನೆಲ್, ಬ್ಯಾಚ್ ನಾರ್ಮಲೈಸೇಶನ್ ಇಲ್ಲ. 30 ಮೀಟರಿನ ಡೆಮ್ ತುಂಡನ್ನು ಬೈಕ್ಯೂಬಿಕ್‌ನಿಂದ ಮೂರು ಪಟ್ಟು ಹಿಗ್ಗಿಸಿ, ಅದರ ಜೊತೆ ಸೆಂಟಿನೆಲ್‌ನ ನಾಲ್ಕು ಪಟ್ಟಿ ಸೇರಿಸಿ, ಒಟ್ಟು ಐದು ಪದರ ಒಳಗೆ ಕೊಡಿ. ಮಾಡೆಲ್ ಹೇಳಬೇಕಾದದ್ದು ಪೂರ್ತಿ ಎತ್ತರವನ್ನಲ್ಲ, ಬೈಕ್ಯೂಬಿಕ್‌ಗೆ ಎಷ್ಟು ಸೇರಿಸಬೇಕು ಎಷ್ಟು ಕಳೆಯಬೇಕು ಅನ್ನುವ ತಿದ್ದುಪಡಿಯನ್ನು ಮಾತ್ರ. ಏನೂ ಗೊತ್ತಾಗದ ಕಡೆ ಸೊನ್ನೆ ಹೇಳಿ ಸುಮ್ನೆ ಇರಲು ಅದಕ್ಕೆ ಅವಕಾಶ ಸಿಗುತ್ತದೆ. ಆಡಮ್ ಆಪ್ಟಿಮೈಸರ್, ಕಲಿಕೆಯ ವೇಗ 0.0001ರಿಂದ ಶುರು.

ಲಾಸ್, ಅಂದರೆ ಮಾಡೆಲ್ ಎಷ್ಟು ತಪ್ಪಿದೆ ಅನ್ನುವ ಲೆಕ್ಕ, ಮೂರು ಭಾಗದ್ದು. ಎತ್ತರದ ನೇರ ವ್ಯತ್ಯಾಸ ಒಂದು. ಇಳಿಜಾರಿನ ವ್ಯತ್ಯಾಸ ಎರಡನೆಯದು: ಪಕ್ಕದ ಪಿಕ್ಸೆಲ್‌ಗೂ ಇದಕ್ಕೂ ಇರುವ ಏರಿಳಿತ ಲೈಡಾರ್‌ಗೆ ಹೊಂದುತ್ತದಾ ಅಂತ. ನೀರು ಹರಿಯುವುದು ಇಳಿಜಾರಿನ ಮೇಲೆ, ಹಾಗಾಗಿ ಇದಕ್ಕೆ ತೂಕ ಚೆನ್ನಾಗಿ ಕೊಡಿ. ಮೂರನೆಯದು, ಹೊರಬಂದ 10 ಮೀಟರಿನ ಒಂಬತ್ತು ಚೌಕಗಳ ಸರಾಸರಿ ಮೂಲದ 30 ಮೀಟರಿನ ಚೌಕಕ್ಕೆ ಹತ್ತಿರ ಇರಬೇಕು ಅನ್ನುವ ಷರತ್ತು.

ಜನರೇಟಿವ್ ಅಡ್ವರ್ಸೇರಿಯಲ್ ನೆಟ್‌ವರ್ಕ್, ಅಂದರೆ ಗ್ಯಾನ್, ಬಳಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬಳಸಬೇಡಿ ಅನ್ನುತ್ತೇನೆ. ಗ್ಯಾನ್‌ಗೆ ಸಿಗುವ ಶಹಬ್ಬಾಸ್‌ಗಿರಿ ನಿಜದಂತೆ ಕಾಣುವುದಕ್ಕೆ. ಸಪಾಟು ಜಾಗದಲ್ಲಿ ಅದು ಚೆಂದದ ಸಣ್ಣ ಹಳ್ಳಗಳನ್ನು ಹುಟ್ಟಿಸುತ್ತದೆ, ಕವಲು ಸಮೇತ. ನೆರಳು-ಬೆಳಕು ಹಾಕಿ ತೋರಿಸುವ ಹಿಲ್‌ಶೇಡ್‌ನಲ್ಲಿ ನೋಡಿದವರು ವಾಹ್ ಅಂತಾರೆ. ಆ ಹಳ್ಳ ಊರಲ್ಲಿಲ್ಲ. ಆಟದ ನಕ್ಷೆಗೆ, ಸಿನಿಮಾ ಗ್ರಾಫಿಕ್ಸ್‌ಗೆ ಅದು ಸರಿ. ಕಾಲುವೆ ಅಗಲ ನಿರ್ಧರಿಸುವವರ ಮೇಜಿಗೆ ಬರಬಾರದು. ಸಾದಾ ಮಾಡೆಲ್ ಕೊಡುವ ನಕ್ಷೆ ಸ್ವಲ್ಪ ಮಂಕಾಗಿ ಕಾಣುತ್ತದೆ. ಮಂಕಾಗಿಯೇ ಇರಲಿ.

ಡೇಟಾ ಹೆಚ್ಚಿಸಲು ತುಂಡುಗಳನ್ನು ತಿರುಗಿಸುವುದು, ಕನ್ನಡಿಯಂತೆ ಮಗುಚುವುದು ವಾಡಿಕೆ. ಡೆಮ್ ಒಂದೇ ಇದ್ದರೆ ಸರಿ. ಉಪಗ್ರಹದ ಚಿತ್ರವೂ ಜೊತೆಗಿದ್ದಾಗ ತಿರುಗಿಸಿದರೆ ಸೂರ್ಯ ಉತ್ತರದಲ್ಲೂ ಪಶ್ಚಿಮದಲ್ಲೂ ಹುಟ್ಟಿದ ಹಾಗಾಗಿ, ನೆರಳಿನ ಪಾಠವೆಲ್ಲ ಕಲಸಿಹೋಗುತ್ತದೆ. ನಾನು ತಿರುಗಿಸುವುದಿಲ್ಲ, ಬೇರೆ ಬೇರೆ ಜಾಗದ ತುಂಡುಗಳನ್ನೇ ಜಾಸ್ತಿ ತರುತ್ತೇನೆ.

ಪರೀಕ್ಷೆಗೆ ತುಂಡುಗಳನ್ನು ಚೀಟಿ ಎತ್ತಿದಂತೆ ಆರಿಸಬೇಡಿ. ಅಕ್ಕಪಕ್ಕದ ತುಂಡು ಒಂದು ತರಬೇತಿಗೆ, ಇನ್ನೊಂದು ಪರೀಕ್ಷೆಗೆ ಹೋದರೆ ಅದು ಪ್ರಶ್ನೆಪತ್ರಿಕೆ ಸೋರಿಕೆಯೇ. ಇಡೀ ಒಂದು ಪ್ರದೇಶವನ್ನು ಮುಟ್ಟದೆ ಬದಿಗಿಡಿ.

ಬೆಂಗಳೂರಿನ ಮೇಲೆ ಓಡಿಸುವಾಗ ತುಂಡುಗಳು ಒಂದರ ಮೇಲೊಂದು ಚಾಚಿಕೊಳ್ಳಲಿ. ಅಂಚಿನ ಪಿಕ್ಸೆಲ್ ಕತ್ತರಿಸಿ, ನಡುವಿನದ್ದನ್ನು ಬೆರೆಸಿ ಜೋಡಿಸಿ. ಇಲ್ಲದಿದ್ದರೆ ಎರಡು ಕಿಲೋಮೀಟರಿಗೊಂದು ನೇರ ಗೆರೆ ಬರುತ್ತದೆ, ನೀರಿನ ಲೆಕ್ಕ ಹಾಕುವ ಸಾಫ್ಟ್‌ವೇರ್ ಅದನ್ನೇ ಕಾಲುವೆ ಅಂದುಕೊಳ್ಳುತ್ತದೆ.

ನಂಬಬಹುದಾ ಅಂತ ನೋಡುವುದು

ಮೊದಲ ಪರೀಕ್ಷೆ ಐಸ್‌ಸ್ಯಾಟ್-2. 2018ರ ಸೆಪ್ಟೆಂಬರ್‌ನಲ್ಲಿ ಹಾರಿದ ಈ ಉಪಗ್ರಹ ಆರು ಲೇಸರ್ ಗೆರೆಗಳಲ್ಲಿ ನೆಲದ ಎತ್ತರ ಅಳೆಯುತ್ತದೆ. ಊರಿನ ಮೇಲೆ ಹಾದ ಗೆರೆಗಳ ಎಟಿಎಲ್08 ಡೇಟಾ ಪುಕ್ಕಟೆ ಸಿಗುತ್ತದೆ. 86 ಮೀಟರ್ ನೆನಪಿರಲಿ, ಇದು ಎಲಿಪ್ಸಾಯ್ಡ್ ಎತ್ತರ. ಇದು ಹೇಳುವುದು ನೆಲದ ಎತ್ತರ, ನಮ್ಮ ನಕ್ಷೆ ಇನ್ನೂ ಮೇಲ್ಮೈ. ಹಾಗಾಗಿ ಮೈದಾನ, ಬೋಳು ಜಾಗ, ಅಗಲ ರಸ್ತೆಯ ಬಿಂದುಗಳನ್ನು ಮಾತ್ರ ಆರಿಸಿ. ನಿಮ್ಮ 10 ಮೀಟರಿನ ನಕ್ಷೆಯ ತಪ್ಪನ್ನೂ, ಸುಮ್ನೆ ಬೈಕ್ಯೂಬಿಕ್‌ನಿಂದ ಹಿಗ್ಗಿಸಿದ ನಕ್ಷೆಯ ತಪ್ಪನ್ನೂ ಇದೇ ಬಿಂದುಗಳಲ್ಲಿ ಹೋಲಿಸಿ. ಬೈಕ್ಯೂಬಿಕ್‌ಗಿಂತ ಒಳ್ಳೆಯದಿಲ್ಲದಿದ್ದರೆ ಮಾಡೆಲ್ ಯಾಕೆ?

ಎರಡನೆಯದು ನನಗೆ ಇಷ್ಟವಾದ ಪರೀಕ್ಷೆ. ಬೆಂಗಳೂರು ದಿಣ್ಣೆಯ ಮೇಲೆ ಕೂತ ಊರು. ಪಶ್ಚಿಮದ ನೀರು ವೃಷಭಾವತಿ ಸೇರಿ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಪೂರ್ವದ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆ, ಹೆಬ್ಬಾಳ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ. ಬಸವನಗುಡಿಯಲ್ಲಿ ಈ ಎರಡೂ ಅಕ್ಕಪಕ್ಕ. ಕೆಂಪಾಂಬುಧಿ ಕೆರೆಯ ನೀರು ಮೈಸೂರು ರಸ್ತೆ ಕಡೆಗೆ, ಲಾಲ್‌ಬಾಗ್ ಕೆರೆಯ ನೀರು ಕೋರಮಂಗಲದ ಕಡೆಗೆ. ನಡುವೆ ಇರುವುದು ಎರಡು-ಮೂರು ಕಿಲೋಮೀಟರ್. ಚುರುಕುಗೊಳಿಸಿದ ನಕ್ಷೆಯ ಮೇಲೆ ಎರಡೂ ಕೆರೆಗಳಿಂದ ನೀರು ಬಿಡಿ. ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರೆ ಮುಂದುವರಿಯಿರಿ. ಆಮೇಲೆ ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು ಸರಪಳಿ ಸರಿಯಾಗಿ ಕೂಡಿದೆಯಾ ನೋಡಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಮುಳುಗಿದ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ನಿಮ್ಮ ನಕ್ಷೆಯಲ್ಲಿ ತಗ್ಗಿನಲ್ಲಿವೆಯಾ ಅಂತಲೂ ನೋಡಿ.

ಲಾಲ್‌ಬಾಗ್ ಬಂಡೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಸುಮಾರು 300 ಕೋಟಿ ವರ್ಷ ಹಳೆಯ ನೈಸ್, ಮೇಲೆ ಕೆಂಪೇಗೌಡ ಗೋಪುರ. ಬಂಡೆ ಬೋಳು, ಸುತ್ತ ದಟ್ಟ ಮರ. ಮೇಲ್ಮೈ ನಕ್ಷೆಯಲ್ಲಿ ಮರಗಳು ತಲೆ ಎತ್ತಿ ಬಂಡೆಯನ್ನು ಕುಳ್ಳಾಗಿಸುತ್ತವೆ. ಮರ ತೆಗೆಯುವ ಹಂತ ಕೆಲಸ ಮಾಡಿದೆಯಾ ಅಂತ ಇಲ್ಲಿ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮರದ ಜೊತೆ ಬಂಡೆಯನ್ನೂ ಕೆತ್ತಿ ಹಾಕಿದ್ದರೆ, ಮಾಡೆಲ್‌ಗೆ ದಿಬ್ಬಕ್ಕೂ ಮರಕ್ಕೂ ವ್ಯತ್ಯಾಸ ತಿಳಿದಿಲ್ಲ.

ಕೆಲವನ್ನು ಮಾಡೆಲ್‌ಗೆ ಬಿಡಬಾರದು, ಕೈಯಿಂದಲೇ ಸರಿಮಾಡಬೇಕು. ಹೆಬ್ಬಾಳದ ಮೇಲ್ಸೇತುವೆ, ಮೆಟ್ರೊ ಕಂಬಸಾಲು ಅಣೆಕಟ್ಟಿನಂತೆ ನೀರು ತಡೆಯುತ್ತವೆ. ಅಲ್ಲಿ ಕತ್ತರಿಸಿ ದಾರಿ ಕೊಡಿ. ಕೆರೆ ಏರಿ ತೆಳ್ಳಗಿರುತ್ತದೆ, 10 ಮೀಟರಿನಲ್ಲೂ ಅರೆಬರೆ. ಏರಿಯನ್ನು ಗೆರೆ ಎಳೆದು ಎತ್ತರಿಸಿ, ಕೋಡಿ ಇರುವ ಕಡೆ ಬಿಡಿ. ಕೋಪರ್ನಿಕಸ್‌ನಲ್ಲಿ ದೊಡ್ಡ ಕೆರೆಗಳ ನೀರನ್ನು ಮೊದಲೇ ಸಪಾಟು ಮಾಡಿದ್ದಾರೆ, ಹಾಗಾಗಿ ಕೆರೆಯ ಆಳ ಇದರಿಂದ ಸಿಗುವುದಿಲ್ಲ, ಎಷ್ಟು ಚುರುಕುಗೊಳಿಸಿದರೂ. ತಗ್ಗುಗಳನ್ನು ತುಂಬಿಸುವ ಆಜ್ಞೆಯ ಬದಲು ತಗ್ಗಿನ ಅಂಚು ಒಡೆದು ದಾರಿ ಮಾಡುವ ಆಜ್ಞೆ ಬಳಸಿ. ವೈಟ್‌ಬಾಕ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಎರಡೂ ಇವೆ. ರಸ್ತೆ ಬದಿಯ ಚರಂಡಿ 10 ಮೀಟರಿನಲ್ಲಿ ಕಾಣುವುದಿಲ್ಲ, ಅದನ್ನು ಕೇಳಲೇಬೇಡಿ.

ಸ್ಥಳದಲ್ಲಿ ನೋಡಲು ದುಬಾರಿ ಉಪಕರಣ ಬೇಡ. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪ್ ಸಾಕು. ಇಬ್ಬರು ಬೇಕು, ಪೈಪಿನಲ್ಲಿ ಗಾಳಿಗುಳ್ಳೆ ಇರಬಾರದು. ರಸ್ತೆಯ ಒಂದು ತುದಿಯಿಂದ ಶುರುಮಾಡಿ ಹತ್ತತ್ತು ಮೀಟರಿಗೆ ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಹಾಕುತ್ತ ಹೋಗಿ. ಗೇಟಿನಿಂದ ಯಾರಾದರೂ ಬಂದು "ರಸ್ತೆ ಅಗಲ ಮಾಡ್ತಾರಾ?" ಅಂತ ಕೇಳಿಯೇ ಕೇಳುತ್ತಾರೆ, ಉತ್ತರ ತಯಾರಿಟ್ಟುಕೊಳ್ಳಿ. ಎರಡು ತುದಿಗಳ ಎತ್ತರದ ವ್ಯತ್ಯಾಸ ಸೆಂಟಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಇಳಿಜಾರಿನ ದಿಕ್ಕು ನಕ್ಷೆಗೆ ಹೊಂದಿದೆಯಾ ಅನ್ನುವುದೇ ಮುಖ್ಯ, ಪ್ರಮಾಣ ಆಮೇಲೆ.

ನಕ್ಷೆಯನ್ನು ಬೇರೆಯವರಿಗೆ ಕೊಡುವ ಮುಂಚೆ ಅದೇ ಮಾಡೆಲ್‌ಗೆ ಬೇರೆ ಬೇರೆ ಆರಂಭದ ತೂಕ ಕೊಟ್ಟು ಐದು ಸಲ ತರಬೇತಿ ಮಾಡಿಸಿ. ಐದೂ ಉತ್ತರಗಳು ಎಲ್ಲಿ ಒಪ್ಪುತ್ತವೋ ಅಲ್ಲಿ ಮಾಡೆಲ್‌ಗೆ ಏನೋ ಆಧಾರ ಇದೆ. ಎಲ್ಲಿ ಚದುರುತ್ತವೋ ಅಲ್ಲಿ ಊಹೆಯೇ ಜಾಸ್ತಿ. ಆ ಚದುರುವಿಕೆಯನ್ನು ಎರಡನೇ ಪದರವಾಗಿ ಎತ್ತರದ ಜೊತೆಗೇ ಕೊಡಿ. ಫೈಲಿನ ಹೆಸರಿನಲ್ಲಿ 10 ಮೀಟರ್ ಅಂತಷ್ಟೇ ಬರೆಯದೆ "30ರಿಂದ ಅಂದಾಜು" ಅಂತ ಸೇರಿಸಿ. ಕಾಲುವೆ ಹಾದಿಯಲ್ಲಿ ಚದುರುವಿಕೆ ಅರ್ಧ ಮೀಟರ್ ದಾಟಿದ ಪಿಕ್ಸೆಲ್‌ಗಳನ್ನು ಬೇರೆ ಮಾಡಿ ಪಟ್ಟಿ ತೆಗೆಯಿರಿ. ಸರ್ವೇಯರ್ ಬಂದ ದಿನ ಟೋಟಲ್ ಸ್ಟೇಷನ್ ಅನ್ನುವ ಅಳತೆಯ ಉಪಕರಣವನ್ನು ಮೊದಲು ಇಡಬೇಕಾದ ಜಾಗಗಳು ಅವು.